ಟೇಬಲ್ ಸಾ ಕೊಯ್ತ ತಪ್ಪುತ್ತಿದ್ದರೆ: ದೋಷ ಹುಡುಕುವ ಕ್ರಮ

ಟೇಬಲ್ ಸಾದಲ್ಲಿ (ಮೇಜಿನ ನಡುವಿನಿಂದ ಬ್ಲೇಡ್ ಮೇಲೆ ಚಾಚಿ ತಿರುಗುವ ಗರಗಸ ಯಂತ್ರ) ಕೊಯ್ದ ಹಲಗೆಯ ಮೂಲೆ ಕೂಡದಿದ್ದರೆ, ಅಂಚು ಸುಟ್ಟರೆ, ಪಟ್ಟಿಯ ಒಂದು ತುದಿ ಅಗಲವಾಗಿ ಇನ್ನೊಂದು ತುದಿ ಕಿರಿದಾದರೆ ಹೆಚ್ಚಿನವರು ಮೊದಲು ಕೈಹಾಕುವುದು ಫೆನ್ಸ್‌ಗೆ. ಅದು ಸೀಳುವಾಗ ಹಲಗೆ ಒತ್ತಿಕೊಂಡು ಸಾಗುವ ಉದ್ದನೆಯ ಪಟ್ಟಿ, ಸುಲಭವಾಗಿ ಕೈಗೆ ಸಿಗುವುದು ಅದೇ. ಆದರೆ ಬ್ಲೇಡ್ ಓರೆಯಾಗಿರುವಾಗ ಫೆನ್ಸನ್ನು ಅದಕ್ಕೆ ಹೊಂದಿಸಿದರೆ ಉದ್ದಕ್ಕೆ ಸೀಳುವ ಕೆಲಸ ಸರಿಹೋದಂತೆ ಕಾಣುತ್ತದೆ, ಅಡ್ಡ ಕೊಯ್ಯುವಾಗ ಅದೇ ದೋಷ ಮತ್ತೆ ತಲೆ ಎತ್ತುತ್ತದೆ. ಈ ಯಂತ್ರದಲ್ಲಿ ನಾವು ಕದಲಿಸಲಾಗದ ಗೆರೆ ಒಂದೇ, ಅದು ಮೇಜಿನ ಮೇಲೆ ಕೊರೆದಿರುವ ಮೈಟರ್ ಸ್ಲಾಟ್. ಮೊದಲು ಬ್ಲೇಡನ್ನು ಸ್ಲಾಟಿಗೆ ಹೊಂದಿಸಬೇಕು, ಆಮೇಲೆ ಫೆನ್ಸನ್ನು, ಕೊನೆಗೆ ಆ ಸ್ಲಾಟಿನಲ್ಲಿ ಜಾರುತ್ತ, ಅಡ್ಡ ಕೊಯ್ಯುವಾಗ ಹಲಗೆಯನ್ನು ಬೇಕಾದ ಕೋನದಲ್ಲಿ ಹಿಡಿಯುವ ಮೈಟರ್ ಗೇಜನ್ನು. ಈ ಅನುಕ್ರಮ ತಪ್ಪಿಸಿದರೆ ಒಂದನ್ನು ಸರಿಮಾಡಿದಾಗ ಇನ್ನೊಂದು ಕೆಡುತ್ತಲೇ ಇರುತ್ತದೆ.

ಮರ ಕೊಯ್ದು ನೋಡುವ ಪರೀಕ್ಷೆಗಳನ್ನು ಬಿಟ್ಟು, ಕೆಳಗಿನ ಪ್ರತಿ ಪರೀಕ್ಷೆಗೂ ಮುನ್ನ ಪ್ಲಗ್ ಸಾಕೆಟ್ಟಿನಿಂದ ಹೊರಬಂದಿರಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಬ್ಲೇಡನ್ನು ಕೈಯಿಂದ ತಿರುಗಿಸುವ ಕೆಲಸ ಇದರಲ್ಲಿ ಬಹಳ ಇದೆ.

ಮೊದಲು ಅಳತೆಯ ಸಾಮಾನು

ಮೂಲೆಮಟ್ಟವೇ ತಪ್ಪಿದ್ದರೆ ಮುಂದಿನದೆಲ್ಲ ವ್ಯರ್ಥ. ಒಂದು ಪ್ಲೈವುಡ್ ತುಂಡಿನ ನೇರ ಅಂಚಿಗೆ ಮೂಲೆಮಟ್ಟ ಒತ್ತಿಹಿಡಿದು ಚೂಪಾದ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಿರಿ. ಮೂಲೆಮಟ್ಟವನ್ನು ಮಗುಚಿ, ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಗೆರೆ ಒಂದರ ಮೇಲೊಂದು ಕೂತರೆ ಸರಿ. ತುದಿಯಲ್ಲಿ ಅಗಲಿದರೆ, ಆ ಅಂತರದ ಅರ್ಧದಷ್ಟು ಮೂಲೆಮಟ್ಟದ ತಪ್ಪು.

ಟೇಪಿನ ತುದಿಯ ಕೊಕ್ಕೆ ಅಲುಗಾಡುವುದು ದೋಷವಲ್ಲ. ಒಳ ಅಳತೆ, ಹೊರ ಅಳತೆ ಎರಡೂ ಸರಿಬರಲೆಂದು ಕೊಕ್ಕೆಯ ದಪ್ಪದಷ್ಟು ಜಾಗ ಬಿಟ್ಟೇ ಮಾಡಿರುತ್ತಾರೆ. ಟೇಪ್ ಕೆಳಗೆ ಬಿದ್ದು ಕೊಕ್ಕೆ ಬಾಗಿದ್ದರೆ ಮಾತ್ರ ತೊಂದರೆ. ಸಂಶಯವಿದ್ದರೆ 10 ಸೆಂ.ಮೀ. ಗೆರೆಯಿಂದ ಅಳತೆ ಶುರುಮಾಡಿ, ಕೊನೆಗೆ 10 ಕಳೆಯಿರಿ. ಇದಲ್ಲದೆ 0.02 ಮಿ.ಮೀ. ತೋರುವ ವರ್ನಿಯರ್, ಒಂದು ಸೆಟ್ ಫೀಲರ್ ಗೇಜ್ (ಸಣ್ಣ ಅಂತರ ಅಳೆಯುವ ಬೇರೆ ಬೇರೆ ದಪ್ಪದ ತೆಳು ಲೋಹದ ಎಲೆಗಳು), 60 ಸೆಂ.ಮೀ.ಗೆ ಕಡಿಮೆಯಿಲ್ಲದ ನೇರವಾದ ಲೋಹದ ಪಟ್ಟಿ ಬೇಕು. ಸೂಕ್ಷ್ಮ ಏರಿಳಿತವನ್ನು ಮುಳ್ಳಿನಲ್ಲಿ ತೋರುವ ಡಯಲ್ ಗೇಜ್ ಇದ್ದರೆ ಕೆಲಸ ಬೇಗ ಮುಗಿಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ.

ಕೊಯ್ದ ಅಂಚನ್ನು ಓದುವುದು

ದೋಷ ಎಲ್ಲಿದೆ ಎಂಬುದನ್ನು ಯಂತ್ರಕ್ಕಿಂತ ಮೊದಲು ಮರ ಹೇಳುತ್ತದೆ. ಎರಡು ಕೊಯ್ತ ಸಾಕು. 18 ಅಥವಾ 19 ಮಿ.ಮೀ. ದಪ್ಪದ, ಅಂಚು ನೇರವಾಗಿ ಕೀಸಿದ ಹಲಗೆಯನ್ನು ಫೆನ್ಸ್ ಹಿಡಿದು ಉದ್ದಕ್ಕೆ ಒಮ್ಮೆ ಸೀಳಿ. ಆಮೇಲೆ ಫೆನ್ಸ್ ಪೂರ್ತಿ ತೆಗೆದಿಟ್ಟು, ಮೈಟರ್ ಗೇಜ್ ಹಿಡಿದು ಅಡ್ಡಕ್ಕೆ ಒಮ್ಮೆ ಕೊಯ್ಯಿರಿ. ನಾಲ್ಕೂ ಅಂಚುಗಳನ್ನು ಓರೆ ಬೆಳಕಿನಲ್ಲಿ ಹಿಡಿದು ನೋಡಿ.

ಬ್ಲೇಡಿನ ಮುಂದಿನ ಹಲ್ಲು ಕೆಳಕ್ಕೆ ಇಳಿಯುವಾಗ ಒಂದು ದಿಕ್ಕಿಗೆ ಬಾಗಿದ ಕಮಾನು ಗೆರೆ ಬಿಡುತ್ತದೆ, ಹಿಂದಿನ ಹಲ್ಲು ಮೇಲೇಳುವಾಗ ಎದುರು ದಿಕ್ಕಿಗೆ ಬಾಗಿದ ಗೆರೆ ಬಿಡುತ್ತದೆ. ಎರಡೂ ತುಂಡುಗಳ ಅಂಚಿನಲ್ಲಿ ಈ ಎರಡು ಬಗೆಯ ಗೆರೆಗಳು ತೆಳುವಾಗಿ ಒಂದನ್ನೊಂದು ದಾಟುತ್ತಿದ್ದರೆ ಬ್ಲೇಡ್ ಹಲಗೆ ಸಾಗುವ ದಾರಿಗೆ ಸಮಾನಾಂತರವಾಗಿದೆ. ಒಂದು ತುಂಡಿನಲ್ಲಿ ಒಂದೇ ದಿಕ್ಕಿನ ಗೆರೆ ಇದ್ದು, ಇನ್ನೊಂದರಲ್ಲಿ ಆಳವಾದ ಎದುರು ಗೆರೆಯೋ ಸುಟ್ಟ ಕಲೆಯೋ ಇದ್ದರೆ ಬ್ಲೇಡಿನ ಹಿಂಭಾಗ ಆ ಕಡೆಗೆ ವಾಲಿ ಉಜ್ಜುತ್ತಿದೆ ಎಂದರ್ಥ.

ಇಲ್ಲಿಂದ ದಾರಿ ಕವಲಾಗುತ್ತದೆ. ಅಡ್ಡ ಕೊಯ್ದಾಗಲೂ ಉಜ್ಜಿದ ಗುರುತು ಕಂಡರೆ ತಪ್ಪು ಬ್ಲೇಡ್ ಮತ್ತು ಸ್ಲಾಟಿನ ನಡುವೆ ಇದೆ, ಏಕೆಂದರೆ ಆ ಕೊಯ್ತದಲ್ಲಿ ಫೆನ್ಸ್ ಇರಲೇ ಇಲ್ಲ. ಅಡ್ಡಕೊಯ್ತ ಶುಭ್ರವಾಗಿದ್ದು ಸೀಳಿದಾಗ ಮಾತ್ರ ಅಂಚು ಸುಟ್ಟರೆ ತಪ್ಪು ಫೆನ್ಸಿನದು, ಅಥವಾ ಮರದ್ದು. ಗೆರೆಗಳು ಎರಡೂ ತುಂಡಿನಲ್ಲಿ ಸಮನಾಗಿ ಆಳವಾಗಿದ್ದು, ಬೆರಳಾಡಿಸಿದರೆ ಒಂದೇ ಅಂತರದಲ್ಲಿ ದಿಣ್ಣೆ ತಗುಲಿದರೆ ಬ್ಲೇಡ್ ಕುಲುಕುತ್ತಿದೆ, ಇಲ್ಲವೇ ಒಂದೆರಡು ಹಲ್ಲು ಮಾತ್ರ ಹೊರಚಾಚಿವೆ.

ತುಂಬ ಜನ ತಪ್ಪು ತಿಳಿದಿರುವ ಎರಡು ಸಂಗತಿಗಳನ್ನು ಇಲ್ಲೇ ಹೇಳಿಬಿಡಬೇಕು. ಫೆನ್ಸ್ ಸ್ವಲ್ಪ ಓರೆಯಾಗಿದ್ದ ಮಾತ್ರಕ್ಕೆ ಸೀಳಿದ ಪಟ್ಟಿ ಒಂದು ತುದಿ ಅಗಲ, ಒಂದು ತುದಿ ಕಿರಿದು ಆಗುವುದಿಲ್ಲ. ಹಲಗೆ ಫೆನ್ಸಿಗೆ ಅಂಟಿಕೊಂಡೇ ಸಾಗಿದರೆ ಕೊಯ್ಯುವ ಹಲ್ಲಿಗೂ ಫೆನ್ಸಿಗೂ ನಡುವಿನ ದೂರ ಮೊದಲಿನಿಂದ ಕೊನೆಯವರೆಗೆ ಅಷ್ಟೇ ಇರುತ್ತದೆ. ಓರೆ ಫೆನ್ಸಿನಿಂದ ಬರುವುದು ಸುಡುವಿಕೆ, ಬಿಗಿತ, ಹಲಗೆ ಹಿಂದಕ್ಕೆ ಚಿಮ್ಮುವ ಅಪಾಯ. ಅಗಲ ಬದಲಾಗುತ್ತಿದ್ದರೆ ಹುಡುಕಬೇಕಾದದ್ದು ಬೇರೆ: ಫೆನ್ಸಿಗೆ ತಾಗುವ ಅಂಚು ನೇರವಿಲ್ಲ, ಹಲಗೆ ನಡುದಾರಿಯಲ್ಲಿ ಫೆನ್ಸಿನಿಂದ ಕಳಚಿಕೊಳ್ಳುತ್ತಿದೆ, ಅಥವಾ ಒತ್ತಿದಾಗ ಫೆನ್ಸೇ ಸರಿಯುತ್ತಿದೆ. ಹಾಗೆಯೇ ಬ್ಲೇಡ್ ಓರೆಯಾಗಿದ್ದರೆ ಅಡ್ಡಕೊಯ್ತದ ಮೂಲೆ ತಪ್ಪಬೇಕೆಂದಿಲ್ಲ. ಹಲಗೆ ಸ್ಲಾಟಿನ ದಾರಿಯಲ್ಲೇ ನೇರ ಸಾಗುತ್ತದೆ, ಬ್ಲೇಡ್ ತಿನ್ನುವ ಸಂದು ಮಾತ್ರ ಅಗಲವಾಗುತ್ತದೆ. ಮೂಲೆಯನ್ನು ನಿರ್ಧರಿಸುವುದು ಮೈಟರ್ ಗೇಜ್.

ಸಂದಿನ ಅಗಲವೂ ಒಂದು ಸುಳಿವು. ವರ್ನಿಯರಿನಲ್ಲಿ ಹಲ್ಲಿನ ಅಗಲ ಅಳೆಯಿರಿ, 2.6 ಮಿ.ಮೀ. ಬಂತೆನ್ನೋಣ. ಒಂದು ತುಂಡನ್ನು ಮೈಟರ್ ಗೇಜಿಗೆ ಕ್ಲಾಂಪ್ ಹಾಕಿ ಬಿಗಿದು, ಬ್ಲೇಡನ್ನು ಹಲಗೆಗಿಂತ ಒಂದು ಹಲ್ಲಿನಷ್ಟು ಮಾತ್ರ ಮೇಲೆತ್ತಿ, ಸುಮಾರು 40 ಮಿ.ಮೀ. ಒಳಗೆ ಕೊಯ್ದು ಅಲ್ಲೇ ನಿಲ್ಲಿಸಿ. ಮರವನ್ನು ಕದಲಿಸದೆ ಸ್ವಿಚ್ ಆಫ್ ಮಾಡಿ, ಬ್ಲೇಡ್ ಪೂರ್ತಿ ನಿಂತ ಮೇಲೆ ಹೊರತೆಗೆಯಿರಿ. ಈ ಸಂದನ್ನು ಮುಂದಿನ ಹಲ್ಲು ಮಾತ್ರ ಕೊಯ್ದಿರುತ್ತದೆ. ಅದೇ 2.8 ಇದ್ದರೆ ಬ್ಲೇಡ್ ಕುಲುಕುತ್ತಿದೆ. ಇದು 2.6 ಬಂದು, ಇನ್ನೊಂದು ತುಂಡನ್ನು ಬ್ಲೇಡ್ ದಾಟಿಸಿ ತೋಡಿನಂತೆ ಪೂರ್ತಿ ಉದ್ದ ಕೊಯ್ದಾಗ 2.8 ಬಂದರೆ ಬ್ಲೇಡ್ ಸ್ಲಾಟಿಗೆ ಓರೆಯಾಗಿದೆ. ಸ್ಪ್ಯಾನರ್ ಮುಟ್ಟದೆಯೇ ಎರಡು ದೋಷಗಳನ್ನು ಹೀಗೆ ಬೇರ್ಪಡಿಸಬಹುದು.

ಬ್ಲೇಡ್ ಮತ್ತು ಸ್ಪಿಂಡಲ್

ಬ್ಲೇಡ್ ಬಿಚ್ಚಿ, ಸ್ಪಿಂಡಲಿನ (ಬ್ಲೇಡ್ ಕೂರುವ ತಿರುಗುವ ದಂಡ) ಮೇಲೆ ಬ್ಲೇಡನ್ನು ಎರಡು ಕಡೆಯಿಂದ ಒತ್ತಿಹಿಡಿಯುವ ಬಿಲ್ಲೆಗಳಾದ ಎರಡೂ ಫ್ಲೇಂಜುಗಳನ್ನು ಒರೆಸಿ ನೋಡಿ. ಒಳ ಫ್ಲೇಂಜಿನ ಅಂಚಿನಲ್ಲಿ ಒತ್ತಿ ಗಟ್ಟಿಯಾದ ಹೊಟ್ಟಿನ ಪದರವೋ, ಬೆಸುಗೆಯ ಕಣವೋ, ತುಕ್ಕಿನ ಉಬ್ಬೋ ಇರಬಹುದು. ಅದು ಎಷ್ಟು ಸಣ್ಣದಾದರೂ ಲೆಕ್ಕಕ್ಕೆ ಬರುತ್ತದೆ. 50 ಮಿ.ಮೀ. ವ್ಯಾಸದ ಫ್ಲೇಂಜಿನ ಒಂದು ಅಂಚಿನಲ್ಲಿ 0.05 ಮಿ.ಮೀ. ಕಸ ಸಿಕ್ಕಿದರೆ, 250 ಮಿ.ಮೀ. ಬ್ಲೇಡಿನ ಹೊರಸುತ್ತಿನಲ್ಲಿ ಅದು 0.25 ಮಿ.ಮೀ. ಓಲಾಟವಾಗುತ್ತದೆ. ಸಂದು ಅಗಲವಾಗಲು, ಅಂಚಿನಲ್ಲಿ ದಿಣ್ಣೆ ಮೂಡಲು ಇಷ್ಟು ಸಾಕು.

ಬ್ಲೇಡಿನ ತೂತಿಗೂ ಸ್ಪಿಂಡಲಿಗೂ ನಡುವೆ ರಿಂಗ್ ಹಾಕಿದ್ದರೆ ಅದನ್ನು ವಿಶೇಷವಾಗಿ ಪರೀಕ್ಷಿಸಿ. ಮಾರುಕಟ್ಟೆಯಲ್ಲಿ 20, 25.4, 30 ಮಿ.ಮೀ. ತೂತಿನ ಬ್ಲೇಡುಗಳು ಸಿಗುತ್ತವೆ. ಸಡಿಲ ರಿಂಗ್ ಹಾಕಿದರೆ ಬ್ಲೇಡ್ ನಡುಬಿಂದುವಿನಲ್ಲಿ ಕೂರುವುದಿಲ್ಲ. 40 ಹಲ್ಲಿದ್ದರೂ ಒಂದು ಪಕ್ಕದ ನಾಲ್ಕೈದು ಹಲ್ಲು ಮಾತ್ರ ಕೆಲಸ ಮಾಡಿ ಬೇಗ ಮೊಂಡಾಗುತ್ತವೆ. ಪೇಪರ್ ಸುತ್ತಿ ರಿಂಗ್ ಬಿಗಿಮಾಡುವ ಅಭ್ಯಾಸ ಬೇಡ, ತೂತಿಗೆ ಹೊಂದುವ ಬ್ಲೇಡನ್ನೇ ತನ್ನಿ.

ಕುಲುಕು ಬ್ಲೇಡಿನದೋ ಸ್ಪಿಂಡಲಿನದೋ ತಿಳಿಯಲು ಒಂದು ಸರಳ ಉಪಾಯವಿದೆ. ಸ್ಪಿಂಡಲಿನ ತುದಿಗೆ ಒಂದು ಮಾರ್ಕರ್ ಗುರುತು, ಅದರ ನೇರಕ್ಕೆ ಬ್ಲೇಡಿಗೆ ಒಂದು ಗುರುತು ಹಾಕಿ. ಬ್ಲೇಡನ್ನು ಕೈಯಲ್ಲಿ ತಿರುಗಿಸುತ್ತ ಹಲ್ಲುಗಳ ಬುಡದ ಸಮತಟ್ಟು ಜಾಗದಲ್ಲಿ ಡಯಲ್ ಗೇಜ್ ಅಥವಾ ಫೀಲರ್ ಗೇಜಿನಿಂದ ಅತಿ ಎತ್ತರದ ಬಿಂದು ಹುಡುಕಿ. ಈಗ ನಟ್ ಸಡಿಲಿಸಿ ಬ್ಲೇಡನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿಯಿರಿ. ಎತ್ತರದ ಬಿಂದು ಬ್ಲೇಡಿನ ಗುರುತಿನ ಜೊತೆ ಹೋದರೆ ಬ್ಲೇಡ್ ಸೊಟ್ಟ. ಸ್ಪಿಂಡಲಿನ ಗುರುತಿನ ಜೊತೆಗೇ ಉಳಿದರೆ ಫ್ಲೇಂಜ್ ಅಥವಾ ಸ್ಪಿಂಡಲ್ ಸೊಟ್ಟ. ಹೊರಸುತ್ತಿನಲ್ಲಿ 0.1 ಮಿ.ಮೀ.ವರೆಗಿನ ಓಲಾಟ ಮನೆ ಕೆಲಸಕ್ಕೆ ನಡೆಯುತ್ತದೆ. ಬ್ಲೇಡನ್ನು ಎರಡೂ ಕಡೆಯಿಂದ ಹಿಡಿದು ಅಲುಗಿಸಿದಾಗ ಟಕ್ ಎಂದು ಕೈಗೆ ತಿಳಿಯುವಂತೆ ಆಡಿದರೆ ಬೇರಿಂಗ್ ಸವೆದಿದೆ. ಹಳೆಯ ಬೇರಿಂಗಿನ ಮೇಲಿರುವ ನಂಬರನ್ನು ಓದಿಕೊಂಡು ಅದೇ ನಂಬರಿನದನ್ನು, ಧೂಳು ಹೋಗದಂತೆ ಎರಡೂ ಕಡೆ ಸೀಲ್ ಇರುವುದನ್ನು ಹಾಕಿಸಿ.

ಬ್ಲೇಡ್ ನೇರವಾಗಿದ್ದೂ ಮರ ಸುಡುತ್ತಿದ್ದರೆ ಹಲ್ಲಿನ ಪಕ್ಕಗಳನ್ನು ನೋಡಿ. ಅಂಟು ಕಟ್ಟಿ ಕಂದು ಪದರವಾಗಿದ್ದರೆ ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಅರ್ಧ ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಒಣಗಿಸಿ, ತೆಳುವಾಗಿ ಎಣ್ಣೆ ಒರೆಸಿ. ಟಿಸಿಟಿ (ಟಂಗ್‌ಸ್ಟನ್ ಕಾರ್ಬೈಡ್ ತುದಿಯ) ಹಲ್ಲಿಗೆ ಕಾಸ್ಟಿಕ್ ಸೋಡಾ ಬಳಸಬೇಡಿ. ತೇಗದಲ್ಲಿ ಎಣ್ಣೆಯ ಜೊತೆ ಮರಳಿನಂಥ ಸಿಲಿಕಾ ಇರುತ್ತದೆ, ಪ್ಲೈವುಡ್ಡಿನ ಅಂಟಿನ ಪದರವೂ ಗಟ್ಟಿ. ಇವೆರಡೂ ಹಲ್ಲನ್ನು ಬೇಗ ಸವೆಸುತ್ತವೆ. ಉದ್ದಕ್ಕೆ ಸೀಳಲು 24 ಹಲ್ಲು, ಎರಡೂ ಕೆಲಸಕ್ಕೆ 40, ಪ್ಲೈವುಡ್ ಮತ್ತು ಸನ್‌ಮೈಕಾಕ್ಕೆ 60 ಅಥವಾ 80. ದಪ್ಪ ತೇಗವನ್ನು 80 ಹಲ್ಲಿನ ಬ್ಲೇಡಿನಲ್ಲಿ ಸೀಳಿದರೆ ಯಂತ್ರ ಎಷ್ಟು ಸರಿಯಿದ್ದರೂ ಅಂಚು ಸುಡುತ್ತದೆ. ಹಲ್ಲುಗಳ ನಡುವೆ ಹೊಟ್ಟು ಹೊರಹೋಗಲು ಜಾಗವೇ ಇರುವುದಿಲ್ಲ.

ಬ್ಲೇಡನ್ನು ಸ್ಲಾಟಿಗೆ ಹೊಂದಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವುದು ಇದು, ಹೆಚ್ಚು ಫಲ ಕೊಡುವುದೂ ಇದೇ.

ಮೊದಲು ಮೈಟರ್ ಗೇಜಿನ ಪಟ್ಟಿ ಸ್ಲಾಟಿನಲ್ಲಿ ಅಲುಗಾಡದಂತೆ ನೋಡಿಕೊಳ್ಳಿ. ಆಡುತ್ತಿದ್ದರೆ ಪಟ್ಟಿಯ ಪಕ್ಕದ ಅಂಚಿನಲ್ಲಿ ಐದಾರು ಕಡೆ ಸೆಂಟರ್ ಪಂಚಿನಿಂದ ಹೊಡೆಯಿರಿ. ಗುಳಿಯ ಸುತ್ತ ಲೋಹ ಉಬ್ಬಿ ಸಡಿಲ ತುಂಬುತ್ತದೆ. ಹೆಚ್ಚಾದರೆ ಅರದಿಂದ ಸ್ವಲ್ಪ ಉಜ್ಜಿದರಾಯಿತು.

ಬ್ಲೇಡನ್ನು ಪೂರ್ತಿ ಮೇಲೆತ್ತಿ, ಒಂದು ಹಲ್ಲಿಗೆ ಮಾರ್ಕರಿನಿಂದ ಗುರುತು ಹಾಕಿ. ಅಕ್ಕಪಕ್ಕದ ಹಲ್ಲುಗಳು ಎಡಕ್ಕೊಂದು ಬಲಕ್ಕೊಂದು ವಾಲಿರುವುದರಿಂದ ಎರಡು ಬೇರೆ ಹಲ್ಲುಗಳನ್ನು ಹೋಲಿಸಿದರೆ ಅಳತೆ ತಪ್ಪುತ್ತದೆ. ಮುಂದೆ ಅಳೆದ ಹಲ್ಲನ್ನೇ ಹಿಂದಕ್ಕೆ ತಿರುಗಿಸಿ ಅಳೆಯಬೇಕು. ಇದರಿಂದ ಬ್ಲೇಡಿನ ಸೊಟ್ಟತನವೂ ಲೆಕ್ಕದಿಂದ ಹೊರಗುಳಿಯುತ್ತದೆ.

ಡಯಲ್ ಗೇಜ್ ಇಲ್ಲದವರು ಮೈಟರ್ ಗೇಜಿಗೆ ಒಂದು ಮರದ ರೀಪು ಕ್ಲಾಂಪ್ ಮಾಡಿ, ಅದರ ತುದಿಗೆ ಗುಂಡು ತಲೆಯ ಸ್ಕ್ರೂ ಹಾಕಿ. ಗುರುತಿನ ಹಲ್ಲನ್ನು ಮುಂದಕ್ಕೆ, ಮೇಜಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ತಂದು, ಸ್ಕ್ರೂವನ್ನು ಕಾಲು ಕಾಲು ಸುತ್ತು ಹೊರತೆಗೆಯುತ್ತ ಹಲ್ಲು ಅದಕ್ಕೆ ಕೇವಲ ಸವರುವಂತೆ ಮಾಡಿ. ಬ್ಲೇಡನ್ನು ಹಿಂದೆಮುಂದೆ ಅಲುಗಿಸಿದಾಗ ಸಣ್ಣಗೆ ಟಿಕ್ ಎಂಬ ಸದ್ದು ಬಂದರೆ ಸಾಕು. ಈಗ ಹಲ್ಲನ್ನು ಹಿಂದಕ್ಕೆ ತಿರುಗಿಸಿ, ಮೈಟರ್ ಗೇಜನ್ನೂ ಸ್ಲಾಟಿನಲ್ಲಿ ಹಿಂದಕ್ಕೆ ತಳ್ಳಿ, ಅದೇ ಎತ್ತರದಲ್ಲಿ ಮತ್ತೆ ಸವರಿಸಿ ನೋಡಿ. ಅದೇ ಸದ್ದು ಬಂದರೆ ಬ್ಲೇಡ್ ಸಮಾನಾಂತರ. ಹಲ್ಲು ಸ್ಕ್ರೂವಿಗೆ ತಾಗದೆ ಹೋದರೆ ಎಷ್ಟು ದಪ್ಪದ ಫೀಲರ್ ಗೇಜ್ ನಡುವೆ ಹೋಗುತ್ತದೆ ನೋಡಿ, ಅಷ್ಟೇ ತಪ್ಪು. ಹಲ್ಲು ಸ್ಕ್ರೂವನ್ನು ತಳ್ಳಿದರೆ ಸ್ಕ್ರೂವನ್ನು ಹಿಂಬದಿಗೆ ಹೊಂದಿಸಿ, ಮುಂದೆ ಬಂದು ಅಂತರ ಅಳೆಯಿರಿ. 0.1 ಮಿ.ಮೀ. ಒಳಗಿದ್ದರೆ ಪರವಾಗಿಲ್ಲ, 0.05ರ ಒಳಗೆ ತರಲು ಸಾಧ್ಯವಾದರೆ ತನ್ನಿ.

ತಿದ್ದುವ ಬಗೆ ಯಂತ್ರದ ಮೇಲೆ ನಿಂತಿದೆ. ದೊಡ್ಡ ಕ್ಯಾಬಿನೆಟ್ ಯಂತ್ರಗಳಲ್ಲಿ ಮೇಜನ್ನು ಕ್ಯಾಬಿನೆಟ್ಟಿಗೆ ಹಿಡಿದಿರುವ ನಾಲ್ಕು ಬೋಲ್ಟುಗಳಲ್ಲಿ ಮೂರನ್ನು ಸಡಿಲಿಸಿ, ಒಂದನ್ನು ಅರೆಬಿಗಿಯಾಗಿ ಬಿಟ್ಟು, ಮೇಜಿನ ಅಂಚಿಗೆ ಮರದ ತುಂಡು ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಸಣ್ಣ ಯಂತ್ರಗಳಲ್ಲಿ ಮೇಜು ಕದಲುವುದಿಲ್ಲ, ಮೋಟಾರು ಮತ್ತು ಬ್ಲೇಡನ್ನು ಮೇಜಿನಡಿಗೆ ತೂಗುಹಾಕಿರುವ ಟ್ರನಿಯನ್ ಬ್ರಾಕೆಟ್ ಕದಲುತ್ತದೆ. ಹಿಂದಿನ ಬೋಲ್ಟುಗಳನ್ನು ಸಡಿಲಿಸಿ ಬ್ರಾಕೆಟ್ಟನ್ನು ತಟ್ಟಿ. ಬೋಲ್ಟ್ ಬಿಗಿಯುವಾಗಲೇ ಎಲ್ಲವೂ ಮತ್ತೆ ಸ್ವಲ್ಪ ಸರಿಯುತ್ತದೆ. ಆದ್ದರಿಂದ ಒಂದನ್ನೇ ಪೂರ್ತಿ ಬಿಗಿಯದೆ, ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪ ಬಿಗಿಯುತ್ತ, ಕೊನೆಯ ಬಿಗಿತದ ಬಳಿಕ ಮತ್ತೊಮ್ಮೆ ಅಳೆಯಿರಿ. ಬಿಗಿಯುವ ಮುಂಚಿನ ಅಳತೆಗೆ ಬೆಲೆಯಿಲ್ಲ.

ಬ್ಲೇಡ್ 90 ಡಿಗ್ರಿಯಲ್ಲಿ ಸರಿಯಾಗಿದ್ದು 45ಕ್ಕೆ ವಾಲಿಸಿದಾಗ ಮಾತ್ರ ಅಂಚು ಸುಡುತ್ತಿದ್ದರೆ ತಟ್ಟಿ ಪ್ರಯೋಜನವಿಲ್ಲ. ಬ್ಲೇಡ್ ವಾಲುವ ಅಕ್ಷಕ್ಕೂ ಮೇಜಿನ ಮೇಲ್ಮೈಗೂ ಮುಂದೆ ಹಿಂದೆ ಎತ್ತರದ ವ್ಯತ್ಯಾಸವಿದೆ. ಮೇಜಿಗೂ ಅದು ಕೂತಿರುವ ಜಾಗಕ್ಕೂ ನಡುವೆ, ಮುಂದಿನ ಎರಡು ಬೋಲ್ಟುಗಳ ಬಳಿ, ತಂಪುಪಾನೀಯದ ಅಲ್ಯೂಮಿನಿಯಂ ಡಬ್ಬಿಯಿಂದ ಕತ್ತರಿಸಿದ ತಗಡು ಹಾಕಿ. ಅದು ಸುಮಾರು 0.1 ಮಿ.ಮೀ. ದಪ್ಪ ಇರುತ್ತದೆ. 45ರಲ್ಲಿ ಮತ್ತೆ ಅಳೆದು ನೋಡಿ. ತಪ್ಪು ಹೆಚ್ಚಿದರೆ ತಗಡನ್ನು ಹಿಂದಿನ ಬೋಲ್ಟುಗಳಿಗೆ ಬದಲಿಸಿ. ಆಮೇಲೆ 90ಕ್ಕೆ ಮರಳಿ ಸಮಾನಾಂತರವನ್ನು ಇನ್ನೊಮ್ಮೆ ಪರೀಕ್ಷಿಸಲೇಬೇಕು.

ಫೆನ್ಸ್

ಫೆನ್ಸನ್ನು ಸ್ಲಾಟಿನ ಅಂಚಿಗೆ ತಂದು ಲಾಕ್ ಮಾಡಿ, ಮುಂದೆ ಮತ್ತು ಹಿಂದೆ ಬೆರಳಿನಿಂದ ಸವರಿ ನೋಡಿ. 0.1 ಮಿ.ಮೀ. ಮೆಟ್ಟಿಲೂ ಬೆರಳಿಗೆ ತಿಳಿಯುತ್ತದೆ. ಎರಡೂ ತುದಿ ಸಮ ಇರಬೇಕು, ಅಥವಾ ಹಿಂಬದಿ 0.05ರಿಂದ 0.1 ಮಿ.ಮೀ. ಬ್ಲೇಡಿನಿಂದ ದೂರಕ್ಕೆ ತೆರೆದಿರಬಹುದು. ಹಿಂಬದಿ ಬ್ಲೇಡಿನತ್ತ ಮುಚ್ಚಿರಲೇಬಾರದು. ಹಾಗಿದ್ದರೆ ಹಲಗೆ ಬ್ಲೇಡಿನ ಹಿಂಭಾಗಕ್ಕೂ ಫೆನ್ಸಿಗೂ ನಡುವೆ ಸಿಕ್ಕಿಕೊಂಡು, ಮೇಲೇಳುವ ಹಲ್ಲು ಅದನ್ನು ಎತ್ತಿ ನಿಮ್ಮತ್ತ ಎಸೆಯುತ್ತದೆ.

ಲಾಕ್ ಮಾಡುವ ಮುಂಚೆ ಸರಿಯಿದ್ದು ಲಾಕ್ ಮಾಡಿದಾಗ ಓರೆಯಾಗುವ ಫೆನ್ಸುಗಳು ಬಹಳ. ಅದಕ್ಕೇ ಯಾವಾಗಲೂ ಲಾಕ್ ಆದ ಮೇಲಿನ ಅಳತೆಯನ್ನೇ ನಂಬಬೇಕು. ಪಟ್ಟಿಯ ಅಗಲ ಬದಲಾಗುತ್ತಿದ್ದರೆ ಲಾಕ್ ಆದ ಫೆನ್ಸಿನ ಹಿಂತುದಿಯನ್ನು, ಕೊಯ್ಯುವಾಗ ಒತ್ತುವಷ್ಟೇ ಬಲದಿಂದ ಪಕ್ಕಕ್ಕೆ ಒತ್ತಿ. ಅರ್ಧ ಮಿ.ಮೀ. ಸರಿದರೂ ಲಾಕಿನ ಸ್ಕ್ರೂ ಬಿಗಿಮಾಡಿ, ಇಲ್ಲವೇ ಹಿಂತುದಿಗೂ ಕ್ಲಾಂಪ್ ಹಾಕಿ. ಫೆನ್ಸಿನ ಮುಖದ ಮೇಲೆ ಲೋಹದ ಪಟ್ಟಿ ಇಟ್ಟು ಉಬ್ಬು ತಗ್ಗು ನೋಡಿ. ಅಲ್ಯೂಮಿನಿಯಂ ಫೆನ್ಸಿನ ನಡುಭಾಗ ಬಾಗಿದ್ದರೆ 18 ಮಿ.ಮೀ. ಪ್ಲೈವುಡ್ಡಿನ ನೇರ ಪಟ್ಟಿಯನ್ನು ಅದಕ್ಕೆ ಬೋಲ್ಟ್ ಮಾಡಿ, ತಗ್ಗಿದ ಕಡೆ ತಗಡು ಕೊಟ್ಟು ಸಮಮಾಡಿ. ಉದ್ದದ ಹಲಗೆಗೆ ಫೆನ್ಸಿಗೆ ಒತ್ತಿಹಿಡಿಯುವ ಫೆದರ್ ಬೋರ್ಡ್ ಬೇಕೇಬೇಕು. ಅದು ಬ್ಲೇಡಿಗಿಂತ ಮುಂಚೆ, ನಿಮ್ಮ ಕಡೆಗೆ ಇರಬೇಕು. ಬ್ಲೇಡಿನ ಪಕ್ಕಕ್ಕೆ ಇಟ್ಟರೆ ಸಂದನ್ನೇ ಒತ್ತಿ ಮುಚ್ಚುತ್ತದೆ.

ರೈವಿಂಗ್ ನೈಫ್ (ಬ್ಲೇಡಿನ ಹಿಂದೆ ನಿಂತು ಸಂದು ಮುಚ್ಚದಂತೆ ತಡೆಯುವ ತಗಡು) ಬ್ಲೇಡಿನ ನೇರಕ್ಕೇ ನಿಂತಿದೆಯೇ ಎಂದು ಬ್ಲೇಡಿನ ಎರಡೂ ಪಕ್ಕಕ್ಕೆ ಲೋಹದ ಪಟ್ಟಿ ತಾಗಿಸಿ ನೋಡಿ. ಅದರ ದಪ್ಪ ಬ್ಲೇಡಿನ ತಗಡಿಗಿಂತ ಹೆಚ್ಚು, ಹಲ್ಲಿನ ಅಗಲಕ್ಕಿಂತ ಕಡಿಮೆ ಇರಬೇಕು. 2.2 ಮಿ.ಮೀ. ನೈಫ್ ಇರುವ ಯಂತ್ರಕ್ಕೆ 2 ಮಿ.ಮೀ. ತಿನ್ನುವ ತೆಳು ಬ್ಲೇಡ್ ಹಾಕಿದರೆ ಹಲಗೆ ನಡುವೆಯೇ ಸಿಕ್ಕಿಕೊಂಡು ನಿಲ್ಲುತ್ತದೆ, ಫೆನ್ಸ್ ತಪ್ಪಿದೆ ಎಂಬ ಭ್ರಮೆ ಹುಟ್ಟಿಸುತ್ತದೆ.

ನೇರ ನಿಲುವು ಮತ್ತು ಮೂಲೆ

ಅಂಚು ಮೇಜಿಗೆ ಲಂಬವಾಗಿ ಬಾರದಿದ್ದರೆ ಬ್ಲೇಡಿನ 90 ಡಿಗ್ರಿ ಸ್ಟಾಪ್ ನೋಡಬೇಕು. ಮೂಲೆಮಟ್ಟವನ್ನು ಹಲ್ಲಿಗೆ ತಾಗಿಸದೆ, ಹಲ್ಲುಗಳ ನಡುವಿನ ತಗಡಿಗೆ ತಾಗಿಸಿ. ಇನ್ನೂ ನಿಖರ ಬೇಕಾದರೆ 3×2 ಇಂಚಿನ ರೀಪನ್ನು ಕಿರಿದಾದ ಅಂಚಿನ ಮೇಲೆ ನಿಲ್ಲಿಸಿ ಅಡ್ಡ ಕೊಯ್ದು, ಒಂದು ತುಂಡನ್ನು ತಲೆಕೆಳಗು ಮಾಡಿ, ಕೊಯ್ದ ಮುಖಗಳನ್ನು ಮೇಜಿನ ಮೇಲೆ ಜೋಡಿಸಿ. ಮೇಲೋ ಕೆಳಗೋ ಕಾಣುವ ಸಂದು ನಿಜವಾದ ತಪ್ಪಿನ ಎರಡರಷ್ಟು. ಡಿಜಿಟಲ್ ಕೋನಮಾಪಕ 0.1 ಡಿಗ್ರಿ ತಪ್ಪಿದರೆ 100 ಮಿ.ಮೀ. ಎತ್ತರದಲ್ಲಿ 0.17 ಮಿ.ಮೀ. ವ್ಯತ್ಯಾಸ ಬರುತ್ತದೆ, ಆದ್ದರಿಂದ ಕೊನೆಯ ಮಾತು ಮರದ್ದೇ. ಸ್ಟಾಪ್ ಸ್ಕ್ರೂ ತಿರುಗಿಸುವ ಮೊದಲು ಅದರ ಮುಂದೆ ಒತ್ತಿಕೊಂಡಿರುವ ಹೊಟ್ಟನ್ನು ಕೆರೆದು ತೆಗೆಯಿರಿ. ಬ್ಲೇಡ್ 90 ತಲುಪದಿರುವುದಕ್ಕೆ ಬಹುಪಾಲು ಕಾರಣ ಅದೇ.

ಮೈಟರ್ ಗೇಜಿಗೆ ಐದು ಕೊಯ್ತದ ಪರೀಕ್ಷೆಗಿಂತ ಒಳ್ಳೆಯದು ಇಲ್ಲ. ಸುಮಾರು 400 ಮಿ.ಮೀ. ಚೌಕದ ಎಂಡಿಎಫ್ ಅಥವಾ ಪ್ಲೈವುಡ್ ತುಂಡಿನ ಬದಿಗಳಿಗೆ ಕ್ರಮವಾಗಿ ನಂಬರ್ ಹಾಕಿ. ಒಂದನೇ ಬದಿ ಕೊಯ್ದು, ಆಗಷ್ಟೇ ಕೊಯ್ದ ಅಂಚನ್ನು ಗೇಜಿಗೆ ತಾಗಿಸಿ ಎರಡನೆಯದು, ಹಾಗೇ ಮೂರು, ನಾಲ್ಕು. ಐದನೇ ಬಾರಿಗೆ ಮತ್ತೆ ಒಂದನೇ ಬದಿಯಿಂದ 25 ಮಿ.ಮೀ. ಅಗಲದ ಪಟ್ಟಿ ಕೊಯ್ದು ತೆಗೆಯಿರಿ. ಆ ಪಟ್ಟಿಯ ಎರಡು ತುದಿಗಳ ಅಗಲ ವರ್ನಿಯರಿನಲ್ಲಿ 25.60 ಮತ್ತು 25.20 ಬಂತೆನ್ನಿ. ವ್ಯತ್ಯಾಸ 0.40. ನಾಲ್ಕು ಮೂಲೆಗಳ ತಪ್ಪು ಇದರಲ್ಲಿ ಕೂಡಿಕೊಂಡಿರುವುದರಿಂದ ನಾಲ್ಕರಿಂದ ಭಾಗಿಸಿದರೆ 400 ಮಿ.ಮೀ. ಉದ್ದಕ್ಕೆ 0.10 ಮಿ.ಮೀ. ತಪ್ಪು. ಗೇಜಿನ ತಿರುಗುಬಿಂದುವಿನಿಂದ 200 ಮಿ.ಮೀ. ದೂರದಲ್ಲಿ ತಿದ್ದುವುದಾದರೆ ಅಲ್ಲಿ 0.05 ಮಿ.ಮೀ. ಸರಿಸಬೇಕು. ಆ ದಪ್ಪದ ಫೀಲರ್ ಎಲೆಯನ್ನು ಗೇಜಿನ ಮುಖಕ್ಕೂ ಕ್ಲಾಂಪ್ ಮಾಡಿದ ತುಂಡಿಗೂ ನಡುವೆ ಇಟ್ಟು, ಎಲೆ ತೆಗೆದು, ಮುಖವನ್ನು ತುಂಡಿಗೆ ತಾಗಿಸಿ ಬಿಗಿಯಿರಿ. ಪರೀಕ್ಷೆಯನ್ನು ಮತ್ತೆ ಮಾಡಿ. ವ್ಯತ್ಯಾಸ ಹೆಚ್ಚಾದರೆ ತಿದ್ದಿದ ದಿಕ್ಕು ತಿರುವುಮುರುವಾಗಿದೆ.

ಪರೀಕ್ಷೆಯಲ್ಲಿ ಸರಿಬಂದ ಗೇಜ್ ಕೆಲಸದಲ್ಲಿ ತಪ್ಪಿದರೆ ಹಲಗೆ ಗೇಜಿನ ಮೇಲೆ ಜಾರುತ್ತಿದೆ. ಗೇಜಿನ ಮುಖಕ್ಕೆ 120 ನಂಬರಿನ ಉಪ್ಪುಕಾಗದ ಅಂಟಿಸಿದರೆ ನಿಲ್ಲುತ್ತದೆ. ಒಂದೇ ಅಳತೆಯ ತುಂಡುಗಳು ಬೇಕಾದಾಗ ಫೆನ್ಸನ್ನೇ ತಡೆಯಾಗಿ ಬಳಸಿ ಗೇಜಿನಿಂದ ತಳ್ಳಬೇಡಿ. ಕೊಯ್ದ ತುಂಡು ಬ್ಲೇಡಿಗೂ ಫೆನ್ಸಿಗೂ ನಡುವೆ ಓರೆಯಾಗಿ ಸಿಕ್ಕಿ ಹಾರುತ್ತದೆ. ತಡೆಯನ್ನು ಗೇಜಿನ ಮೇಲೆಯೇ ಹಾಕಿ, ಅದರ ಕೆಳಮೂಲೆಯನ್ನು ಸ್ವಲ್ಪ ಕೆತ್ತಿಡಿ. ಹೊಟ್ಟು ಸೇರಿ ಅಳತೆ ಕಡಿಮೆಯಾಗುವುದು ತಪ್ಪುತ್ತದೆ.

ಮನೆಯಲ್ಲೇ ಮಾಡಿದ ಮೇಜು

ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ ಅಥವಾ ಮಾರ್ಬಲ್ ಕಟರನ್ನು ಪ್ಲೈವುಡ್ ಮೇಜಿನಡಿ ತಲೆಕೆಳಗಾಗಿ ಕಟ್ಟಿ ಮಾಡಿದ ಮೇಜುಗಳು ನಮ್ಮಲ್ಲಿ ಸಾಕಷ್ಟಿವೆ. ಇವುಗಳ ದೋಷಗಳೇ ಬೇರೆ. ಯಂತ್ರದ ತಳದ ತಗಡು ತೆಳು, ಸ್ಕ್ರೂ ಬಿಗಿದಂತೆ ಅದು ಬಾಗುತ್ತದೆ, ಅದರ ಜೊತೆ ಬ್ಲೇಡೂ ವಾಲುತ್ತದೆ. ಎತ್ತರ ಮತ್ತು ಕೋನ ಹಿಡಿಯುವ ರೆಕ್ಕೆನಟ್ಟುಗಳು ಅದುರಿಗೆ ಸಡಿಲವಾಗುತ್ತವೆ. ಆಳ ಸಿಗಲೆಂದು 18 ಮಿ.ಮೀ. ಪ್ಲೈವುಡ್ಡನ್ನು ಅಡಿಯಿಂದ ಕೆತ್ತಿ ತೆಳು ಮಾಡಿದ ಜಾಗ ಭಾರಕ್ಕೆ ಜಗ್ಗುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನಲ್ಲಿ, ಮೇಜೇ ತೇವ ಹೀರಿ ಉಬ್ಬುವುದರಿಂದ ಬೇಸಿಗೆಯಲ್ಲಿ ಹೊಂದಿಸಿದ್ದು ಉಳಿಯುವುದಿಲ್ಲ.

ಪರಿಹಾರ ಇಷ್ಟು. ಕೆತ್ತಿದ ಜಾಗಕ್ಕೆ 6 ಮಿ.ಮೀ. ಅಲ್ಯೂಮಿನಿಯಂ ಅಥವಾ 10 ಮಿ.ಮೀ. ಹೈಲಂ ಶೀಟ್ (ಗಟ್ಟಿ ಫೀನಾಲಿಕ್ ಹಲಗೆ) ಹಾಕಿ, ಯಂತ್ರವನ್ನು ಅದಕ್ಕೇ ಬಿಗಿಯಿರಿ. ತಳದ ತೂತುಗಳನ್ನು ಬೋಲ್ಟಿಗಿಂತ 2 ಮಿ.ಮೀ. ದೊಡ್ಡದು ಮಾಡಿದರೆ ಸ್ಲಾಟಿಗೆ ಸಮಾನಾಂತರ ಹೊಂದಿಸಲು ಆಟ ಸಿಗುತ್ತದೆ. ಪ್ಲೈವುಡ್ಡಿನ ಎರಡೂ ಮುಖಕ್ಕೂ ಅಂಚಿಗೂ ಸನ್‌ಮೈಕಾ ಅಥವಾ ಪಾಲಿಶ್ ಕೊಡಿ. ಒಂದೇ ಮುಖಕ್ಕೆ ಕೊಟ್ಟರೆ ಇನ್ನೊಂದು ಮುಖ ತೇವ ಹೀರಿ ಹಲಗೆ ಬಾಗುತ್ತದೆ. ಮಾರ್ಬಲ್ ಕಟರ್ ನಿಮಿಷಕ್ಕೆ 12,000 ಸುತ್ತಿಗೂ ಹೆಚ್ಚು ತಿರುಗುತ್ತದೆ, ಆದ್ದರಿಂದ ಮರದ ಬ್ಲೇಡಿನ ಮೇಲೆ ಬರೆದಿರುವ ಗರಿಷ್ಠ ವೇಗ ಅದಕ್ಕಿಂತ ಹೆಚ್ಚಿದೆಯೇ ನೋಡಿ. ಕಡಿಮೆಯಿದ್ದರೆ ಆ ಬ್ಲೇಡ್ ಹಾಕಲೇಬೇಡಿ. ಟ್ರಿಗರನ್ನು ದಾರದಿಂದ ಕಟ್ಟಿ ಪ್ಲಗ್ಗಿನಿಂದಲೇ ಆನ್ ಆಫ್ ಮಾಡುವುದೂ ಬೇಡ. ಕರೆಂಟು ಹೋಗಿ ಬಂದಾಗ ಬ್ಲೇಡ್ ತಾನಾಗಿ ತಿರುಗತೊಡಗುತ್ತದೆ, ಆಗ ನಿಮ್ಮ ಕೈ ಎಲ್ಲಿರುತ್ತದೋ ಹೇಳಲಾಗದು. ಕರೆಂಟು ಹೋದೊಡನೆ ಬಿಟ್ಟುಕೊಂಡು, ಮತ್ತೆ ಒತ್ತುವವರೆಗೆ ಆನ್ ಆಗದ ನೋ-ವೋಲ್ಟ್ ಸ್ವಿಚ್ ಹಾಕಿ.

ಯಂತ್ರದ್ದಲ್ಲದ ತಪ್ಪುಗಳು

ಸೀಳುತ್ತಿರುವಾಗಲೇ ಸಂದು ಮುಚ್ಚಿಕೊಂಡರೆ ಅಥವಾ ಎರಡು ತುಂಡುಗಳೂ ಬಿಲ್ಲಿನಂತೆ ಬಾಗಿ ಅಗಲಿದರೆ ಮರದೊಳಗಿನ ಸೆಳೆತ ಬಿಡುಗಡೆಯಾಗುತ್ತಿದೆ. ನೀಲಗಿರಿಯಲ್ಲಿ, ಸರಿಯಾಗಿ ಒಣಗದ ಸಿಲ್ವರ್ ಓಕ್‌ನಲ್ಲಿ ಇದು ಹೆಚ್ಚು. ಬೇಕಾದ ಅಗಲಕ್ಕಿಂತ 4–5 ಮಿ.ಮೀ. ಹೆಚ್ಚು ಬಿಟ್ಟು ಸೀಳಿ, ಒಂದೆರಡು ದಿನ ಗಾಳಿಯಾಡುವಂತೆ ಜೋಡಿಸಿಟ್ಟು, ಒಂದು ಅಂಚನ್ನು ಮತ್ತೆ ನೇರ ಕೀಸಿ, ಆಮೇಲೆ ಪೂರ್ಣ ಅಳತೆಗೆ ಸೀಳಬೇಕು. ತಿರುಚಿದ ಹಲಗೆ ಮೇಜಿನ ಮೇಲೆ ಓಲಾಡಿದರೆ ಅದನ್ನು ಈ ಯಂತ್ರಕ್ಕೆ ಕೊಡಲೇಬಾರದು. ಪ್ಲೈವುಡ್ಡಿನ ಕೆಳಮುಖ ಚಕ್ಕೆ ಏಳುತ್ತಿದ್ದರೆ ಬ್ಲೇಡಿನ ಸುತ್ತಲಿನ ತಟ್ಟೆಯ ಸಂದು ಅಗಲವಾಗಿದೆ. ಬ್ಲೇಡ್ ಅಗಲಕ್ಕೆ ಸರಿಯಾದ ಸಂದಿನ ಹೊಸ ತಟ್ಟೆ ಮಾಡಿ, ಒಳ್ಳೆಯ ಮುಖವನ್ನು ಮೇಲೆ ಇಡಿ.

ಮೋಟಾರು ಮಧ್ಯದಲ್ಲಿ ಬಳಲಿ ಅಲ್ಲಿ ಮಾತ್ರ ಸುಟ್ಟ ಕಲೆ ಬೀಳುತ್ತಿದ್ದರೆ ವೋಲ್ಟೇಜ್ ನೋಡಿ. 1,800 ವಾಟ್ ಯಂತ್ರ 230 ವೋಲ್ಟಿನಲ್ಲಿ ಸುಮಾರು 8 ಆಂಪ್ ಎಳೆಯುತ್ತದೆ. 20 ಮೀಟರ್ ಉದ್ದದ 0.75 ಚದರ ಮಿ.ಮೀ. ಎಕ್ಸ್‌ಟೆನ್ಷನ್ ವೈರಿನಲ್ಲೇ ಸುಮಾರು 8 ವೋಲ್ಟ್ ಹೋಗುತ್ತದೆ, ಹೊರೆ ಹೆಚ್ಚಿದಾಗ ಇನ್ನೂ ಹೆಚ್ಚು. ಮೊದಲೇ 200ಕ್ಕೆ ಇಳಿಯುವ ಊರುಗಳಲ್ಲಿ ಇದು ತಡೆಯದು. 2.5 ಚದರ ಮಿ.ಮೀ. ತಾಮ್ರದ ವೈರ್, 16 ಆಂಪ್ ಸಾಕೆಟ್ ಹಾಕಿಸಿ.

ಫೆನ್ಸಿನ ಅಳತೆಪಟ್ಟಿಯ ಮುಳ್ಳನ್ನು ಹೊಂದಿಸುವುದು ಇವೆಲ್ಲ ಮುಗಿದ ಮೇಲೆ. ಒಂದು ಪಟ್ಟಿ ಸೀಳಿ, ಅದರ ಅಗಲವನ್ನು ವರ್ನಿಯರಿನಲ್ಲಿ ಅಳೆದು, ಫೆನ್ಸ್ ಕದಲಿಸದೆ ಮುಳ್ಳನ್ನು ಆ ಅಂಕಿಗೆ ತನ್ನಿ. 3.2 ಮಿ.ಮೀ. ತಿನ್ನುವ ಬ್ಲೇಡ್ ತೆಗೆದು 2.4ರದ್ದು ಹಾಕಿದರೆ ಹಲ್ಲಿನ ಪಕ್ಕ ಸ್ವಲ್ಪ ಒಳಸರಿಯುತ್ತದೆ, ಮುಳ್ಳು ಅಷ್ಟು ತಪ್ಪು ತೋರಿಸುತ್ತದೆ. ಹಾಗಾಗಿ ಬೇರೆ ದಪ್ಪದ ಬ್ಲೇಡ್ ಹಾಕಿದಾಗಲೆಲ್ಲ ಒಂದು ಪಟ್ಟಿ ಸೀಳಿ ಮುಳ್ಳನ್ನು ಮತ್ತೆ ಕೂರಿಸಿ.